ಪಾದದ ನೋವು: ಮಾತ್ರೆಗೆ ಮೊದಲು ಕಾರಣ ಹುಡುಕಬೇಕು

ಮಾನ್ಯ ಸಂಪಾದಕರೇ,

ಮಂಡಿನೋವು, ಬೆನ್ನುನೋವುಗಳ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ಪಾದ ಮತ್ತು ಕಣಕಾಲಿನ ನೋವಿನ ಬಗ್ಗೆ ಬರುವುದು ಅಪರೂಪ. ಬಂದರೂ ಎಂತಹ ಪಾದರಕ್ಷೆ ಧರಿಸಬೇಕು ಎಂಬ ಸಲಹೆಯಲ್ಲಿ ಅದು ಮುಗಿದುಹೋಗುತ್ತದೆ. ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಬಳಿಗೆ ಬರುವವರಲ್ಲಿ ಅನೇಕರು ತಿಂಗಳುಗಟ್ಟಲೆ ನೋವು ನಿವಾರಕ ಮಾತ್ರೆ ನುಂಗಿ, ಕೈಯಲ್ಲೊಂದು ಎಕ್ಸ್‌ರೇ ಹಿಡಿದುಕೊಂಡು, ‘ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆಯಂತೆ, ಆಪರೇಷನ್ ಆಗಲೇಬೇಕೇ?’ ಎಂಬ ಭಯದೊಂದಿಗೆ ಬರುತ್ತಾರೆ. ನೋವು ಸರಿಯಾಗಿ ಎಲ್ಲಿದೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ಏನು ಮಾಡಿದರೆ ಕೆರಳುತ್ತದೆ ಎಂದು ಅಷ್ಟರವರೆಗೆ ಅವರನ್ನು ಯಾರೂ ಕೇಳಿರುವುದಿಲ್ಲ. ಪಾದದ ನೋವಿನಲ್ಲಿ ಈ ಮೂರು ಪ್ರಶ್ನೆಗಳ ಉತ್ತರವೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವನ್ನು ತೋರಿಸಿಕೊಡುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಒಂದೊಂದು ಪಾದದಲ್ಲೂ 26 ಮೂಳೆಗಳು, ಮೂವತ್ತಕ್ಕೂ ಹೆಚ್ಚು ಕೀಲುಗಳು, ಅವುಗಳನ್ನು ಬಿಗಿದಿಡುವ ನೂರಕ್ಕೂ ಮಿಕ್ಕಿದ ಸ್ನಾಯು ಮತ್ತು ರಜ್ಜುಗಳು ಇವೆ. ನಡೆಯುವಾಗ ದೇಹದ ತೂಕಕ್ಕಿಂತ ತುಸು ಹೆಚ್ಚಿನ ಭಾರವೂ, ಓಡುವಾಗ ಅದರ ಎರಡು ಮೂರು ಪಟ್ಟು ಭಾರವೂ ಇವುಗಳ ಮೇಲೆ ಬೀಳುತ್ತದೆ. ಇಷ್ಟೊಂದು ಭಾಗಗಳಲ್ಲಿ ಯಾವುದು ಸೋತರೂ ನಾವು ಹೇಳುವುದು ‘ಕಾಲು ನೋವು’ ಎಂದೇ. ಆದರೆ ಒಂದಕ್ಕೆ ಹಿತವಾದ ಚಿಕಿತ್ಸೆ ಇನ್ನೊಂದಕ್ಕೆ ಹಾನಿ ಮಾಡಬಲ್ಲದು.

ಮೊದಲು ಹಿಮ್ಮಡಿಯ ನೋವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯ ತಳದಲ್ಲಿ, ತುಸು ಒಳಬದಿಗೆ ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ಸಡಿಲಗೊಂಡು, ಬಹಳ ಹೊತ್ತು ಕುಳಿತು ಎದ್ದಾಗ ಅಥವಾ ದಿನದ ಕೊನೆಗೆ ಮತ್ತೆ ಮರಳುವ ನೋವು ಬಹುತೇಕ ಪ್ಲಾಂಟರ್ ಫ್ಯಾಸಿಯಾದ್ದು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಹರಡಿಕೊಂಡು ಪಾದದ ಕಮಾನನ್ನು ಹಿಡಿದಿಡುವ ದಪ್ಪನೆಯ ಪಟ್ಟಿ ಇದು. ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲುವವರು, ಇದ್ದಕ್ಕಿದ್ದಂತೆ ನಡಿಗೆ ಅಥವಾ ಓಟವನ್ನು ಹೆಚ್ಚಿಸಿದವರು, ತೂಕ ಹೆಚ್ಚಿರುವವರು, ಮೀನಖಂಡದ ಸ್ನಾಯು ಬಿಗಿಯಾಗಿರುವವರು ಇದಕ್ಕೆ ಬೇಗ ತುತ್ತಾಗುತ್ತಾರೆ. ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಕಾಣುವ ಮೂಳೆಯನ್ನು ನೋಡಿ ಗಾಬರಿಯಾಗಬೇಕಿಲ್ಲ. ನೋವೇ ಇಲ್ಲದ ಅನೇಕರ ಹಿಮ್ಮಡಿಯಲ್ಲೂ ಅದು ಇರುತ್ತದೆ, ನೋವಿರುವ ಅನೇಕರಲ್ಲಿ ಇರುವುದಿಲ್ಲ, ನೋವು ಪೂರ್ತಿ ವಾಸಿಯಾದವರಲ್ಲೂ ಅದು ಇದ್ದಲ್ಲೇ ಇರುತ್ತದೆ. ಹಾಗಿರುವಾಗ ಅದನ್ನು ಕೆತ್ತಿ ತೆಗೆಸಿಕೊಳ್ಳಲು ಅವಸರಪಡುವುದಕ್ಕೆ ಅರ್ಥವಿಲ್ಲ.

ಈ ನೋವಿಗೆ ಮುಖ್ಯ ಮದ್ದು ವ್ಯಾಯಾಮ, ಮತ್ತು ಅದಕ್ಕೆ ಕೊಡಬೇಕಾದ ಕಾಲಾವಕಾಶ. ಹಾಸಿಗೆ ಬಿಡುವ ಮೊದಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು ಮಾಡಬೇಕು. ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವುದೂ ಜೊತೆಗಿರಲಿ. ನೋವು ಸ್ವಲ್ಪ ತಗ್ಗಿದ ಮೇಲೆ, ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಿದರೆ ಆ ಪಟ್ಟಿಗೆ ಬಲ ಬರುತ್ತದೆ. ಹಿಮ್ಮಡಿಗೆ ಮೆತ್ತೆ, ಕಮಾನಿಗೆ ಆಸರೆ ಇರುವ ಪಾದರಕ್ಷೆಯನ್ನು ಮನೆಯೊಳಗೂ ಬಳಸುವುದು ಒಳ್ಳೆಯದು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವನ್ನು ಇಳಿಸುವುದು ನಿಜ. ಆದರೆ ಮತ್ತೆ ಮತ್ತೆ ಹಾಕಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ, ಪಟ್ಟಿಯೇ ಹರಿಯುವ ಅಪಾಯವಿದೆ. ಆರು ತಿಂಗಳಾದರೂ ಜಗ್ಗದ ನೋವಿಗೆ, ಚರ್ಮದ ಮೇಲಿಂದ ಧ್ವನಿ ತರಂಗಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಇದೆ. ಶಸ್ತ್ರಚಿಕಿತ್ಸೆ ತೀರಾ ಕೆಲವರಿಗೆ ಮಾತ್ರ ಬೇಕಾಗುತ್ತದೆ, ಏಕೆಂದರೆ ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಅದಿಲ್ಲದೆಯೇ ಗುಣವಾಗುತ್ತದೆ. ‘ಒಂದು ವರ್ಷ’ ಎಂಬ ಮಾತನ್ನು ಮೊದಲ ದಿನವೇ ಹೇಳಿಬಿಡಬೇಕು ಎಂದು ನಾನು ನಂಬಿದ್ದೇನೆ. ಹೇಳದಿದ್ದರೆ ಮೂರನೆಯ ವಾರಕ್ಕೆ ವ್ಯಾಯಾಮ ನಿಲ್ಲುತ್ತದೆ, ಹೊಸ ವೈದ್ಯರ ಹುಡುಕಾಟ ಶುರುವಾಗುತ್ತದೆ.

ನೋವು ಹಿಮ್ಮಡಿಯ ತಳದಲ್ಲಿರದೆ ಅದರ ಹಿಂದೆ, ತುಸು ಮೇಲಿದ್ದರೆ ಅದು ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿನ ತೊಂದರೆಯಾಗಿರಬಹುದು. ದೇಹದಲ್ಲೇ ಅತ್ಯಂತ ದಪ್ಪವೂ ಬಲಶಾಲಿಯೂ ಆದ ಈ ರಜ್ಜು ಪೂರ್ಣ ವಿಶ್ರಾಂತಿಯಿಂದ ಇನ್ನಷ್ಟು ದುರ್ಬಲವಾಗುತ್ತದೆ. ಕ್ರಮವಾಗಿ ಭಾರ ಹೊರಿಸುತ್ತಾ ಹೋದರೆ ಸುಧಾರಿಸುತ್ತದೆ. ಹಿಮ್ಮಡಿಯನ್ನು ಮೆಟ್ಟಿಲಿನಿಂದ ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ಹನ್ನೆರಡು ವಾರಗಳ ಕಾಲ ಮಾಡಿಸುವ ಪದ್ಧತಿ 1998ರಿಂದ ಪ್ರಚಾರಕ್ಕೆ ಬಂದಿದ್ದು, ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ. ರಜ್ಜು ಮೂಳೆಗೆ ಅಂಟುವ ಜಾಗದಲ್ಲೇ ನೋವಿದ್ದರೆ ಮಾತ್ರ ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ಇಳಿಸಬಾರದು. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳು ಈ ರಜ್ಜುವನ್ನು ಹರಿಯುವ ಮಟ್ಟಿಗೆ ದುರ್ಬಲಗೊಳಿಸಬಲ್ಲವು. 60 ವರ್ಷ ದಾಟಿದವರಲ್ಲಿ, ಸ್ಟೀರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಇಂತಹ ಮಾತ್ರೆ ಶುರುವಾದ ಮೇಲೆ ಹಿಮ್ಮಡಿಯ ಹಿಂದೆ ಹೊಸದಾಗಿ ನೋವು ಕಂಡರೆ ಓಡಾಟ ತಗ್ಗಿಸಿ, ಬರೆದುಕೊಟ್ಟ ವೈದ್ಯರಿಗೆ ತಕ್ಷಣ ತಿಳಿಸಬೇಕು. ಹಿಂದಿನಿಂದ ಯಾರೋ ಒದ್ದಂತೆ ಅನಿಸಿ, ‘ಟಪ್’ ಎಂಬ ಸದ್ದಾಗಿ, ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ರಜ್ಜು ಹರಿದಿರಬಹುದು. ಆಗ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಣಕಾಲು ಉಳುಕುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದಕ್ಕೆ ತಕ್ಕ ಗೌರವ ಸಿಗದಿರುವುದೂ ಅದೇ ಕಾರಣಕ್ಕೆ ಇರಬೇಕು. ಪಾದ ಒಳಕ್ಕೆ ಹೊರಳಿದಾಗ ಕಣಕಾಲಿನ ಹೊರಬದಿಯ ಅಸ್ಥಿರಜ್ಜುಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಮೂಳೆ ಮುರಿದಿದೆಯೇ ಎಂಬ ಸಂದೇಹ ಎಲ್ಲರಿಗೂ ಬರುತ್ತದೆ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ನಿಯಮ ರೂಪಿಸಿದರು. ಕಣಕಾಲಿನ ಎರಡೂ ಬದಿಗೆ ಉಬ್ಬಿರುವ ಗಂಟು ಮೂಳೆಗಳ ಹಿಂದಿನ ಅಂಚು ಅಥವಾ ತುದಿ, ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಎದ್ದುಕಾಣುವ ಮೂಳೆ, ಪಾದದ ಒಳಬದಿಯ ಕಮಾನಿನ ಮೇಲಿರುವ ಮೂಳೆ, ಇವುಗಳಲ್ಲಿ ಯಾವುದನ್ನಾದರೂ ಒತ್ತಿದಾಗ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಇವು ಯಾವುವೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರುವವರು ಮಾತ್ರ ಈ ನಿಯಮವನ್ನು ನೆಚ್ಚಬಾರದು.

ಮುರಿದಿಲ್ಲ ಎಂದು ತಿಳಿದ ಮೇಲೆ ಮೊದಲ ಎರಡು ಮೂರು ದಿನ ಕಾಲನ್ನು ಎತ್ತರದಲ್ಲಿಟ್ಟು, ಬ್ಯಾಂಡೇಜಿನಿಂದ ಹಿತವಾಗಿ ಬಿಗಿದು, ಬೇಕೆನಿಸಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಬಹುದು. ಆ ದಿನಗಳಲ್ಲಿ ಗಟ್ಟಿಯಾಗಿ ತಿಕ್ಕುವುದು, ಎಳೆಯುವುದು, ಬಿಸಿ ಶಾಖ ಕೊಡುವುದು ಬೇಡ, ಬಾವು ಹೆಚ್ಚುತ್ತದೆ. ಆದರೆ ವಾರಗಟ್ಟಲೆ ಕಾಲು ಅಲ್ಲಾಡಿಸದೆ ಮಲಗುವುದೂ ತಪ್ಪು. ನೋವು ಸಹಿಸುವಷ್ಟಾದ ಕೂಡಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಆಸರೆಯ ಪಟ್ಟಿ ಧರಿಸಿ ಮೆಲ್ಲಗೆ ನಡೆಯುವುದು ಶುರುವಾಗಬೇಕು. ಬಾವು ಇಳಿದ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ನಾನು ಕಾಣುವ ಅತ್ಯಂತ ಸಾಮಾನ್ಯ ತಪ್ಪು. ರಜ್ಜು ಹರಿದಾಗ ಪಾದದ ಸ್ಥಿತಿಯನ್ನು ಮೆದುಳಿಗೆ ತಿಳಿಸುವ ಸೂಕ್ಷ್ಮ ಸಂವೇದನೆಯೂ ಕೆಡುತ್ತದೆ. ಒಂಟಿಕಾಲಿನ ಮೇಲೆ ನಿಲ್ಲುವ, ಅದು ಸಲೀಸಾದ ಮೇಲೆ ಮೆತ್ತನೆಯ ದಿಂಬಿನ ಮೇಲೆ ನಿಲ್ಲುವ ಅಭ್ಯಾಸವನ್ನು ಕೆಲವು ವಾರ ಮುಂದುವರಿಸದಿದ್ದರೆ ಅದು ಸರಿಯಾಗಿ ಮರಳುವುದಿಲ್ಲ. ಮತ್ತೆ ಮತ್ತೆ ಉಳುಕುವ ಕಣಕಾಲಿನಲ್ಲಿ ವರ್ಷಗಳ ಬಳಿಕ ಕೀಲು ಸವೆತ ಕಾಣಿಸಿಕೊಳ್ಳಬಹುದು. ಮಂಡಿಯ ಸವೆತದಂತಲ್ಲದೆ, ಕಣಕಾಲಿನ ಸವೆತಕ್ಕೆ ವಯಸ್ಸಿಗಿಂತ ಹಳೆಯ ಪೆಟ್ಟೇ ಹೆಚ್ಚಾಗಿ ಕಾರಣ.

ಕಣಕಾಲಿನ ಒಳಬದಿಯಲ್ಲಿ ನೋವಿದ್ದು ಪಾದದ ಕಮಾನು ದಿನೇದಿನೇ ಕುಸಿಯುತ್ತಿದ್ದರೆ, ಆ ಕಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಲಾಗದಿದ್ದರೆ, ಕಮಾನನ್ನು ಎತ್ತಿ ಹಿಡಿಯುವ ರಜ್ಜು ಸೋಲುತ್ತಿದೆ ಎಂದರ್ಥ. ಬೇಗ ತೋರಿಸಿಕೊಂಡರೆ ಆಸರೆ ಮತ್ತು ವ್ಯಾಯಾಮ ಸಾಕಾಗಬಹುದು, ತಡವಾದರೆ ಪಾದದ ಆಕಾರವೇ ಬದಲಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಉರಿ, ಜೋಮು, ಪಾದರಕ್ಷೆಯೊಳಗೆ ಕಲ್ಲು ಸಿಕ್ಕಿಕೊಂಡಂತಹ ಅನುಭವ ಇದ್ದರೆ ಅಲ್ಲಿನ ನರ ಒತ್ತಡಕ್ಕೆ ಸಿಕ್ಕಿರುತ್ತದೆ. ಮುಂಭಾಗ ಅಗಲವಾಗಿರುವ, ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆ ಅದಕ್ಕೆ ಮೊದಲ ಚಿಕಿತ್ಸೆ. ಓಟ, ಕವಾಯತು ಹೆಚ್ಚಿಸಿದವರಲ್ಲಿ ಪಾದದ ಮೇಲ್ಭಾಗದ ಒಂದೇ ಬಿಂದುವಿನಲ್ಲಿ ನೋವಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಾದ್ದರಿಂದ ಚಿತ್ರ ಚೆನ್ನಾಗಿದೆ ಎಂದು ಓಟ ಮುಂದುವರಿಸಬಾರದು. ಎಂಟರಿಂದ ಹದಿನಾಲ್ಕು ವರ್ಷದ, ಆಟವಾಡುವ ಮಕ್ಕಳ ಹಿಮ್ಮಡಿ ನೋವು ಹೆಚ್ಚಾಗಿ ಬೆಳೆಯುತ್ತಿರುವ ಮೂಳೆಯ ಮೇಲಿನ ಎಳೆತದಿಂದ ಬರುವಂಥದ್ದು, ಆಟ ತಗ್ಗಿಸಿದರೆ ತಾನಾಗಿ ಶಮನವಾಗುತ್ತದೆ.

ಪಾದದಲ್ಲಿ ಕಾಣಿಸಿಕೊಂಡರೂ ಪಾದಕ್ಕೆ ಸೀಮಿತವಲ್ಲದ ಕಾಯಿಲೆಗಳೂ ಇವೆ. ರಾತ್ರೋರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಬಿಸಿಯಾಗಿ ಊದಿ, ಹೊದಿಕೆ ತಗುಲಿದರೂ ಸಹಿಸಲಾಗದಷ್ಟು ನೋಯುವುದು ಗೌಟ್‌ನ ಲಕ್ಷಣ. ಕೀಲಿನಲ್ಲಿ ಯೂರಿಕ್ ಆಸಿಡ್‌ನ ಹರಳುಗಳು ಕೂಡಿಕೊಳ್ಳುವುದರಿಂದ ಇದು ಬರುತ್ತದೆ. ನೋವು ಕೆರಳಿದ ಹೊತ್ತಿನಲ್ಲಿ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸಹಜ ಮಟ್ಟದಲ್ಲೇ ಕಾಣಬಹುದು ಎಂಬುದನ್ನು ತಿಳಿದಿರಬೇಕು. ಪದೇಪದೇ ಬರುವವರಿಗೆ ಅದನ್ನು ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 6 ಮಿಲಿಗ್ರಾಂಗಿಂತ ಕೆಳಗಿಡುವ ಮಾತ್ರೆ ದೀರ್ಘಕಾಲ ಬೇಕಾಗುತ್ತದೆ, ನೋವು ನಿಂತಿತೆಂದು ಅದನ್ನು ನಿಲ್ಲಿಸಬಾರದು. ಹರೆಯದವರಲ್ಲಿ ಹಿಮ್ಮಡಿ ನೋವಿನ ಜೊತೆಗೆ ಬೆಳಿಗ್ಗೆ ಬಹಳ ಹೊತ್ತು ಸೊಂಟ ಹಿಡಿದುಕೊಂಡಿದ್ದರೆ ಬೆನ್ನುಮೂಳೆಯ ಉರಿಯೂತದ ಸಂಧಿವಾತವನ್ನು ಶಂಕಿಸಬೇಕು. ನಡೆದರೆ ಮೀನಖಂಡ ನೋಯ್ದು, ನಿಂತರೆ ಕಡಿಮೆಯಾಗುವುದು ರಕ್ತನಾಳ ಕಿರಿದಾಗಿರುವುದರ ಸೂಚನೆ. ಧೂಮಪಾನಿಗಳು ಇದನ್ನು ಹಗುರವಾಗಿ ಕಾಣಬಾರದು.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಚಿಂತೆ ತರುವುದು ನೋವೇ ಇಲ್ಲದ ಪಾದ. ಮಧುಮೇಹ ಹಳೆಯದಾದಂತೆ ಪಾದದ ನರಗಳು ಮರಗಟ್ಟುತ್ತವೆ. ಚುಚ್ಚಿದ ಮೊಳೆ, ಉಜ್ಜಿದ ಪಾದರಕ್ಷೆ, ಸುಟ್ಟ ಗಾಯ ಯಾವುದೂ ಗಮನಕ್ಕೆ ಬರುವುದಿಲ್ಲ. ಹುಣ್ಣು ಆಳಕ್ಕಿಳಿದು ಬೆರಳನ್ನೋ ಪಾದವನ್ನೋ ಕತ್ತರಿಸುವ ಹಂತಕ್ಕೆ ಹೋಗುವುದು ಹೀಗೆಯೇ. ಮಧುಮೇಹಿಗಳು ದಿನಕ್ಕೊಮ್ಮೆ ಅಂಗಾಲನ್ನು, ಬೆರಳ ಸಂದುಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಕನ್ನಡಿಯ ಅಥವಾ ಮನೆಯವರ ನೆರವು ಪಡೆಯಬೇಕು, ಪಾದರಕ್ಷೆ ಹಾಕುವ ಮುನ್ನ ಒಳಗೆ ಕೈಯಾಡಿಸಬೇಕು, ಬರಿಗಾಲಲ್ಲಿ ನಡೆಯಬಾರದು, ಆಣಿಯನ್ನು ತಾವೇ ಕತ್ತರಿಸಬಾರದು, ವರ್ಷಕ್ಕೊಮ್ಮೆಯಾದರೂ ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಧುಮೇಹಿಯ ಒಂದು ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ, ನೋವು ಎಷ್ಟೇ ಕಡಿಮೆಯಿರಲಿ, ಆ ಕಾಲಿನ ಮೇಲೆ ಭಾರ ಹಾಕದೆ ಅಂದೇ ವೈದ್ಯರನ್ನು ಕಾಣಬೇಕು. ಸೋಂಕು ಇರಬಹುದು, ಅಥವಾ ಒಳಗಿನ ಮೂಳೆಗಳು ಸದ್ದಿಲ್ಲದೆ ಕುಸಿಯುತ್ತಿರಬಹುದು. ಮಧುಮೇಹ ಇಲ್ಲದವರೂ ಜ್ವರದೊಂದಿಗೆ ಕೀಲು ಊದಿದಾಗ, ಆಕಾರ ಕೆಟ್ಟಾಗ, ಪಾದ ತಣ್ಣಗಾಗಿ ಬಣ್ಣಗೆಟ್ಟಾಗ, ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿಕೊಂಡಾಗ ಮನೆಮದ್ದಿಗೆ ಹೊತ್ತು ಕಳೆಯಬಾರದು.

ನೋವು ನಿವಾರಕ ಮಾತ್ರೆಗಳನ್ನು ನಾನು ವಿರೋಧಿಸುತ್ತಿಲ್ಲ. ಕೆಲವು ದಿನದ ಮಟ್ಟಿಗೆ ಅವು ಬೇಕಾಗುತ್ತವೆ. ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳನ್ನು ಸಲಹೆಯಿಲ್ಲದೆ ವಾರಗಟ್ಟಲೆ ಸೇವಿಸಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು, ರಕ್ತದೊತ್ತಡ ಏರಬಹುದು. ಪಾದದ ನೋವಿಗಾಗಿ ಮೂತ್ರಪಿಂಡವನ್ನು ಕಳೆದುಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈ ವಿಷಯಕ್ಕೆ ಒಂದು ಲೇಖನ ಮಾಲೆಯನ್ನೇ ಮೀಸಲಿಡಬೇಕೆಂದು ಕೋರುತ್ತೇನೆ. ನೋವಿನ ಜಾಗವನ್ನು ಗುರುತಿಸಿದ ಪಾದದ ದೊಡ್ಡ ಚಿತ್ರ, ವ್ಯಾಯಾಮಗಳ ಹಂತ ಹಂತದ ಚಿತ್ರಗಳು, ಮಧುಮೇಹಿಗಳ ಪಾದ ಪರೀಕ್ಷೆಯ ಕ್ರಮ ಇವಿಷ್ಟನ್ನು ಮೂಳೆ ತಜ್ಞರಿಂದಲೂ ಮಧುಮೇಹ ತಜ್ಞರಿಂದಲೂ ಪರಿಶೀಲಿಸಿ, ಕತ್ತರಿಸಿ ಇಟ್ಟುಕೊಳ್ಳುವಂತೆ ಪ್ರಕಟಿಸಿದರೆ ಆಸ್ಪತ್ರೆಗೆ ಹೋಗಲಾಗದ ಹಿರಿಯರಿಗೂ ಅದು ಕೈಗೆ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಫಿಸಿಯೋಥೆರಪಿಸ್ಟ್