ಹೆಸರು ಬೇಡ ಎಂದ ಮಡಿಕೇರಿಯ ವಕೀಲರಿಗೆ

ಸುಬೇದಾರ್ ಸಾಹೇಬರೇ, ಹೆಸರು ಬರೆಯಬೇಡಿ ಅಂದಿರಿ, ಬರೆಯುತ್ತಿಲ್ಲ. ಪಟ್ಟಾಳ ಬಿಟ್ಟು ಕರಿಕೋಟು ತೊಟ್ಟ ನಿಮ್ಮಿಂದ ಇಲ್ಲಿನ ಎಷ್ಟೋ ಸೈನಿಕರ ವಿಧವೆಯರ ಪಿಂಚಣಿ ಕಾಗದ ದಡ ಸೇರಿದೆ.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲೇ. ಸೈನಿಕ ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ‘ಕಾವೇರಮ್ಮ’, ಆಧಾರಿನಲ್ಲಿ ‘ಕಾವೇರಿ’. ನೋಟರಿ ಅಫಿಡವಿಟ್ ಒಂದೇ ಸಾಲದು. ಸೇನೆಯ ರೆಕಾರ್ಡ್ಸ್ ಕಚೇರಿಯ ದಾಖಲೆಯಲ್ಲೇ ತಿದ್ದುಪಡಿಯಾಗಬೇಕು ಎಂದು ಬಿಡಿಸಿ ಹೇಳಿದವರು ನೀವು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಯವರ ಕಾಗದ ಬೆಂಗಳೂರಿಗೆ, ಮದ್ರಾಸ್ ರೆಜಿಮೆಂಟಿನವರದು ವೆಲಿಂಗ್ಟನ್‌ಗೆ. ಸರ್ವಿಸ್ ನಂಬರಿನ ಅಂಕಿಗಳನ್ನು ಬೆರಳಿಟ್ಟು ಎರಡೆರಡು ಸಲ ಓದಿಸುತ್ತಿದ್ದಿರಿ. ಒಂದು ಅಂಕಿ ತಪ್ಪಿದರೂ ಕಡತ ಸಿಗುವುದಿಲ್ಲವಲ್ಲ!

ಅರ್ಜಿ ತಿರಸ್ಕೃತವಾದರೆ ಕೊಚ್ಚಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅಂತಿಮ ಆದೇಶದಿಂದ 6 ತಿಂಗಳೊಳಗೆ. ತಡವಾದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು, ಆದರೆ ಪಿಂಚಣಿ ಬಾಕಿ ಸಾಮಾನ್ಯವಾಗಿ ಹಿಂದಿನ 3 ವರ್ಷದ್ದಷ್ಟೇ ಸಿಗುತ್ತದೆ. ಅದಕ್ಕೇ ನಿಮ್ಮ ಅವಸರ.

ಫೀಸು? ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ಕಾನೂನು ನೆರವು ಉಂಟು ಎಂದು ನಿಮ್ಮ ಹೊಟ್ಟೆಗೆ ನೀವೇ ಕಲ್ಲು ಹಾಕಿಕೊಂಡು ಹೇಳಿದಿರಿ.

ಇನ್ನು ನಮಗೆ ನೀವು ಬೈದದ್ದು: ಮಳೆಗಾಲದ ಬೂಷ್ಟಿಗೆ ಹೆದರಿ ಡಿಸ್ಚಾರ್ಜ್ ಬುಕ್ ಲ್ಯಾಮಿನೇಟ್ ಮಾಡಿಸಬೇಡಿ, ಒಣಗಿಸಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಈಗ ಹಾಗೇ ಇಡುತ್ತಿದ್ದೇವೆ, ಸಾರ್.