ಸೊಪ್ಪಿನಬೆಟ್ಟದ ಬೆಂಕಿ: ಈ ವಾರವೇ ಆಗಬೇಕಾದ ಕೆಲಸ

ಎಲ್ಲರಿಗೂ ನಮಸ್ಕಾರ. ತೋಟಕ್ಕೆ ಸೊಪ್ಪು ತರುವ ನಮ್ಮ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಎಲೆ, ಪೂರ್ತಿ ಒಣಗಿದೆ. ಮೊದಲ ಮಳೆ ಬೀಳುವವರೆಗೂ ಒಂದು ಬೀಡಿ ತುಂಡು ಸಾಕು, ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಟ್ಟಕ್ಕೂ ತೋಟಕ್ಕೂ ನಡುವೆ ಕನಿಷ್ಠ 10 ಅಡಿ ಅಗಲದ ಬೆಂಕಿ ರೇಖೆ (ಬೆಂಕಿ ದಾಟದಂತೆ ಗುಡಿಸಿದ ಖಾಲಿ ಪಟ್ಟಿ) ಬೇಕು. ಬೆಂಕಿ ಏರಿನಲ್ಲಿ ಬೇಗ ಓಡುವುದರಿಂದ ಇಳಿಜಾರಿನಲ್ಲಿ 15 ಅಡಿ ಮಾಡಿ. ಮಣ್ಣು ಕಾಣುವ ತನಕ ಗುಡಿಸಿ. ಗುಡಿಸಿದ ದರಕನ್ನು ರೇಖೆಯ ಅಂಚಿಗೇ ರಾಶಿ ಹಾಕುವುದು ಎಲ್ಲ ಕಡೆ ಕಾಣುವ ತಪ್ಪು: ಅಲ್ಲೇ ಜ್ವಾಲೆ ಎತ್ತರಕ್ಕೆದ್ದು ಆಚೆ ದಾಟುತ್ತದೆ. ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಹೊತ್ತು ಹಾಕಿ. ಅಡ್ಡ ಬಿದ್ದ ಒಣಮರವಿದ್ದರೆ ಕಡಿದು ಸರಿಸಿ, ಅದೇ ಬೆಂಕಿಗೆ ಸೇತುವೆ. ಎಲೆ ಮತ್ತೆ ಉದುರುತ್ತದೆ, ಹತ್ತು ದಿನಕ್ಕೊಮ್ಮೆ ಬ್ಲೋವರ್ ಹಿಡಿಯಿರಿ. ಸುಟ್ಟು ರೇಖೆ ಮಾಡುವ ಕೆಲಸ ಅರಣ್ಯ ಇಲಾಖೆಗೆ ಬಿಡಿ.

ಹುಲ್ಲಿನ ಬಣವೆ ಸುತ್ತ 30 ಅಡಿ ಚೊಕ್ಕಟವಿರಲಿ.

ಹೊಗೆ ಕಂಡರೆ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ, ಆಮೇಲೆ ಈ ಗುಂಪಿಗೆ ಜಾಗದ ಲೊಕೇಶನ್. ಬೆಂಕಿ ಆರಿಸಲು ಹತ್ತಿ ಬಟ್ಟೆ, ಬೂಟು ಹಾಕಿ ಬನ್ನಿ. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಔಷಧಿ ಹೊಡೆಯುವ 16 ಲೀಟರ್ ಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿಡಿ. ಬೆಂಕಿಯ ಎದುರಿಗೆ, ಅದರಲ್ಲೂ ಏರಿನ ಮೇಲ್ಬದಿಗೆ ನಿಲ್ಲಲೇಬೇಡಿ. ಸುಟ್ಟ ಜಾಗದ ಕಡೆಯಿಂದ, ಪಕ್ಕದಿಂದ, ಹಸಿ ಸೊಪ್ಪಿನ ಟೊಂಗೆಯಲ್ಲಿ ಒತ್ತಿ ಹೊಡೆಯಿರಿ. ಬೀಸಿ ಹೊಡೆದರೆ ಕಿಡಿ ಹಾರುತ್ತದೆ.

ಆರಿದ ಮೇಲೂ ಒಣ ಬುಡಗಳು ಒಳಗೊಳಗೇ ಉರಿಯುತ್ತಿರುತ್ತವೆ. ಮರುದಿನ ಮಧ್ಯಾಹ್ನ ಗಾಳಿ ಏಳುವ ಮೊದಲು ಇಬ್ಬರು ಹೋಗಿ ಒಂದೊಂದನ್ನೂ ಕೆದಕಿ ನೀರು ಹಾಕಬೇಕು. ಆ ಪಾಳಿಗೆ ಬರುವವರು ಇಂದೇ ಹೆಸರು ಹಾಕಿ.