ಕುರ್ಚಿಗಾಗಿ ಕೃತಿ ಸರಿಸಬೇಡಿ

ಮಾನ್ಯ ಸಂಪಾದಕರೇ,

ಆರ್ಟ್ ಗ್ಯಾಲರಿಗಳಲ್ಲಿ ಪ್ರದರ್ಶನದ ಉದ್ಘಾಟನೆ ಎಂದರೆ ಹಾಲ್ ನಡುವೆ ದೀಪದ ಕಂಬ, ಹಿಂದೆ ಫ್ಲೆಕ್ಸ್, ಎದುರಿಗೆ ಸಾಲು ಕುರ್ಚಿ. ಜಾಗ ಸಾಲದಿದ್ದರೆ ನೆಲದ ಮೇಲಿರುವ ಕೃತಿಗಳನ್ನು ‘ಒಂದು ಗಂಟೆ ಮಟ್ಟಿಗೆ’ ಗೋಡೆಯ ಬದಿಗೆ ಒತ್ತರಿಸುವುದು ರೂಢಿಯಾಗಿಬಿಟ್ಟಿದೆ. ಚೌಕಟ್ಟಿನೊಳಗಿನ ಚಿತ್ರ ಇದನ್ನು ತಾಳಿಕೊಂಡೀತು. ಆ ಹಾಲನ್ನೇ ನೋಡಿ, ಅಳೆದು ರೂಪಿಸಿದ ಇನ್‌ಸ್ಟಲೇಶನ್, ಅಂದರೆ ವಸ್ತುಗಳನ್ನು ಜಾಗಕ್ಕೆ ತಕ್ಕಂತೆ ಜೋಡಿಸಿ ಕಟ್ಟಿದ ಕಲಾಕೃತಿ, ತಾಳುವುದಿಲ್ಲ. ಅಲ್ಲಿ ವಸ್ತುಗಳ ನಡುವಿನ ತೆರಪು, ಕಂಬ, ಮೂಲೆ, ನೆರಳು ಎಲ್ಲವೂ ಕೃತಿಗೇ ಸೇರಿದ್ದು.

ಅಮೆರಿಕದ ಕಲಾವಿದ ಡೊನಾಲ್ಡ್ ಜಡ್ 1960ರ ದಶಕದಿಂದ ಗೋಡೆಗೆ ಒಂದರ ಮೇಲೊಂದು ಅಳವಡಿಸಿದ ಪೆಟ್ಟಿಗೆಗಳನ್ನು ನೋಡಿ. ಹಲವು ಕೃತಿಗಳಲ್ಲಿ ಪೆಟ್ಟಿಗೆಯ ಎತ್ತರ 9 ಇಂಚು, ನಡುವಿನ ತೆರಪೂ 9 ಇಂಚು. ಹತ್ತು ಪೆಟ್ಟಿಗೆಗಳಿಗೆ 14 ಅಡಿ 3 ಇಂಚು ಬೇಕು. ಸೂರು ತಗ್ಗಿದ್ದರೆ ಪೆಟ್ಟಿಗೆ ಕಡಿಮೆ ಮಾಡುತ್ತಾರೆಯೇ ಹೊರತು ತೆರಪನ್ನಲ್ಲ. ತೆರಪು ಕುಗ್ಗಿಸಿದರೆ ಅದು ಬರೀ ಕಪಾಟು.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ (2009) ನಮಗೆ ಇನ್ನೂ ಹತ್ತಿರದ್ದು. ದೃಷ್ಟಿ ತಾಗದಿರಲೆಂದು ನಮ್ಮ ವಾಹನಗಳಿಗೆ ಕಟ್ಟುವಂಥ ಕೂದಲ ಹಗ್ಗ ಸುಮಾರು 4,000 ಮೀಟರ್, ಜೊತೆಗೆ 20 ಕಾರ್ ಬಂಪರ್. ಉಕ್ಕಿನ ಭಾರವೆಲ್ಲ ಕೂದಲ ಮೇಲೆ. ಈಗ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂ ಸಂಗ್ರಹದಲ್ಲಿರುವ ಈ ಕೃತಿ ಬೇರೆ ಅಳತೆಯ ಕೋಣೆಗೆ ಹೋದರೆ ಹಗ್ಗ ಎಲ್ಲಿ ಇಳಿಯಬೇಕು, ಎಲ್ಲಿ ಗುಪ್ಪೆಯಾಗಬೇಕು ಎಂಬುದನ್ನು ಹೊಸದಾಗಿ ನಿರ್ಧರಿಸಬೇಕು. ಇದು ಒಂದು ಬೆಳಗಿನ ಕೆಲಸವಲ್ಲ.

ತೂಗುಹಾಕುವ ಕೃತಿಗಳಲ್ಲಿ ಪದೇ ಪದೇ ಆಗುವ ತಪ್ಪು, ಫಾಲ್ಸ್ ಸೀಲಿಂಗ್‌ನ ಪಟ್ಟಿಗೆ ತೂಕ ಕಟ್ಟುವುದು. ಅದನ್ನು ಮಾಡಿರುವುದು ತನ್ನ ಹಲಗೆಗಳನ್ನು ಹೊರುವುದಕ್ಕಷ್ಟೇ. ಭಾರವನ್ನು ಮೇಲಿನ ಆರ್‌ಸಿಸಿ ಸ್ಲ್ಯಾಬ್‌ಗೆ ಆ್ಯಂಕರ್ ಬೋಲ್ಟ್ ಹೊಡೆದು, ಅಲ್ಲಿಂದಲೇ ಇಳಿಬಿಡಬೇಕು. ಜಿಪ್ಸಂ ಬೋರ್ಡಿನ ಗೋಡೆಯಾದರೆ ಹಿಂಬದಿಗೆ 18 ಎಂ.ಎಂ. ಪ್ಲೈವುಡ್ ಕೊಡಬೇಕು. ಇಲ್ಲದಿದ್ದರೆ ಸ್ಕ್ರೂ ಬೋರ್ಡನ್ನೇ ಕಿತ್ತುಕೊಂಡು ಬರುತ್ತದೆ.

ಮೊದಲು 1:50 ಅಳತೆಯ ನಕ್ಷೆಯಲ್ಲಿ ಕಂಬ, ಬಾಗಿಲು, ಸ್ವಿಚ್ ಬೋರ್ಡ್, ಎ.ಸಿ. ಗಾಳಿ ಬರುವ ಕಿಂಡಿ ಎಲ್ಲವನ್ನೂ ಗುರುತಿಸಬೇಕು. ಆಮೇಲೆ ಮಾಸ್ಕಿಂಗ್ ಟೇಪ್‌ನಿಂದ ಕೃತಿಯ ಪೂರ್ತಿ ಅಳತೆಯನ್ನು ನೆಲದ ಮೇಲೆ ಅಂಟಿಸಿ, ಬಾಗಿಲಿನಿಂದ ನಡೆದು ಬಂದು ನೋಡಬೇಕು. ಓಡಾಡಲು ನಾಲ್ಕು ಅಡಿಯಾದರೂ ಬಿಡದಿದ್ದರೆ ಜನರ ಬ್ಯಾಗು ತಗುಲುವುದು ಖಚಿತ. ಎ.ಸಿ. ಕಿಂಡಿಯ ಎದುರು ಕಟ್ಟಿದ ದಾರ ದಿನವಿಡೀ ಅಲುಗುತ್ತದೆ. ಬೆಳಕಿನ ಕೆಲಸ ಕೊನೆಗೆ. ದಾರಕ್ಕೆ ಒಂದೇ ದೀಪ ಹಾಯಿಸಿದರೆ ಗೋಡೆಯ ಮೇಲೆ ಒಂದು ಚೊಕ್ಕ ನೆರಳು. ಎರಡು ಹಾಯಿಸಿದರೆ ಎರಡು ಮಸುಕು ಗೆರೆ. ಕಸ ಗುಡಿಸಲು ಬಂದವರು ಟ್ಯೂಬ್‌ಲೈಟ್ ಹಾಕಿ ಹೋದರೆ ಇದ್ದ ನೆರಳೂ ಮಾಯ. ತಪ್ಪು ಅವರದಲ್ಲ, ಸ್ವಿಚ್ ಮೇಲೆ ಚೀಟಿ ಅಂಟಿಸದವರದು.

ಇಷ್ಟಕ್ಕೆಲ್ಲ ಸಮಯ ಬೇಕು. ಬೆಳಿಗ್ಗೆ ಬೀಗದ ಕೈ ಕೊಟ್ಟು ಸಂಜೆಗೆ ಉದ್ಘಾಟನೆ ಎಂದರೆ, ಗೋಡೆಯ ತೂತಿಗೆ ಮೆತ್ತಿದ ಪುಟ್ಟಿ ಕೂಡ ಒಣಗಿರುವುದಿಲ್ಲ. ಆದ್ದರಿಂದ ಗ್ಯಾಲರಿಗಳು, ಅದರಲ್ಲೂ ಸರ್ಕಾರಿ ಗ್ಯಾಲರಿಗಳು, ಜೋಡಣೆಗೆಂದೇ ಎರಡು ದಿನ ಬಾಡಿಗೆಯಿಲ್ಲದೆ ಕೊಡಲಿ. ಸಭೆಯನ್ನು ವರಾಂಡದಲ್ಲೋ ಅಂಗಳದಲ್ಲೋ ನಡೆಸಲಿ. ಬುಕಿಂಗ್ ಅರ್ಜಿಯ ಜೊತೆಗೇ ಹಾಲ್‌ನ ನಕ್ಷೆ, ಸೂರಿನ ಎತ್ತರ, ಪ್ಲಗ್ ಪಾಯಿಂಟ್‌ಗಳ ಜಾಗ, ಯಾವ ಗೋಡೆಗೆ ಡ್ರಿಲ್ ಮಾಡಬಹುದು, ಒಂದೊಂದು ಕೊಕ್ಕೆ ಎಷ್ಟು ಕಿಲೊ ಹೊರುತ್ತದೆ ಎಂಬ ವಿವರವಿರುವ ಒಂದು ಹಾಳೆ ಸಿಗುವಂತಾಗಲಿ.

–ಇನ್‌ಸ್ಟಲೇಶನ್ ಜೋಡಣೆಯ ಕೆಲಸದಲ್ಲಿರುವ ಕೆಲವರು, ಬೆಂಗಳೂರು